ಕನ್ನಡಿ ಎಷ್ಟು ಬೆಳಕು ತಡೆದುಕೊಳ್ಳುತ್ತದೆ? ಉತ್ತರ ಒಂದೇ ಸಂಖ್ಯೆಯಲ್ಲಿ ಸಿಗುವುದಿಲ್ಲ

ಲೇಸರ್ ಕನ್ನಡಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲಿಗೆ ಏನೂ ಕಾಣುವುದಿಲ್ಲ. ಮೇಲ್ಮೈಯ ಸಣ್ಣ ಏರುತಗ್ಗುಗಳನ್ನು ಎತ್ತಿ ತೋರಿಸುವ ನೊಮಾರ್ಸ್ಕಿ ವಿಧಾನಕ್ಕೆ ಬೆಳಕನ್ನು ಹೊಂದಿಸಿಕೊಂಡು, ಮೇಜಿನ ತಿರುಪನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ, ನಯವಾದ ಬೂದು ಬಯಲಿನ ನಡುವೆ ಒಂದು ಗುಳಿ ಕಣ್ಣಿಗೆ ಬೀಳುತ್ತದೆ. ಅಗಲ ಏಳೆಂಟು ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು. ಗುಳಿಯ ಅಂಚು ಚೂಪಾಗಿದೆ. ಒಳಗೋಡೆಯಲ್ಲಿ ಕಲ್ಲುಗಣಿಯ ಮೆಟ್ಟಿಲುಗಳಂತೆ ಪದರದ ಮೇಲೆ ಪದರ. ಸುತ್ತಲಿನ ಬಯಲಿಗೆ ಒಂದು ಗೀರೂ ಬಿದ್ದಿಲ್ಲ. ಲೇಸರ್ ಬೆಳಕಿನ ಒಂದೇ ಒಂದು ಪಲ್ಸ್, ಅಂದರೆ ಕ್ಷಣಿಕ ಮಿನುಗು, 10 ನ್ಯಾನೊಸೆಕೆಂಡಿನ ಕಾಲ, ಇಡೀ ಬಯಲಿನ ಮೇಲೆ ಒಂದೇ ಸಮನಾಗಿ ಬಿದ್ದಿತ್ತು. ಬಯಲು ತಡೆದುಕೊಂಡಿತು, ಈ ಒಂದು ಜಾಗ ಸಿಡಿದುಹೋಯಿತು.

ಏಕೆ ಈ ಜಾಗ ಮಾತ್ರ? ಲೇಪನಗಳ ಲೇಸರ್ ಹಾನಿಯ ಬಗ್ಗೆ ಅರವತ್ತು ವರ್ಷಗಳಿಂದ ನಡೆದಿರುವ ಕೆಲಸದ ದೊಡ್ಡ ಪಾಲು ಈ ಪ್ರಶ್ನೆಯ ಸುತ್ತಲೇ ಇದೆ. ಆದರೂ ಕನ್ನಡಿಯ ಜೊತೆ ಬರುವ ಕಾಗದದಲ್ಲಿ ಒಂದೇ ಸಾಲು ಇರುತ್ತದೆ: ಹಾನಿ ಮಿತಿ ಪ್ರತಿ ಚದರ ಸೆಂಟಿಮೀಟರಿಗೆ ಇಷ್ಟು ಜೂಲ್. ಕೊಳ್ಳುವವರು ಅದನ್ನು ಹಗ್ಗ ಎಷ್ಟು ಭಾರ ಎಳೆಯುತ್ತದೆ ಎನ್ನುವ ಸಂಖ್ಯೆಯ ಹಾಗೆ ಓದುತ್ತಾರೆ. ಅದು ಆ ಜಾತಿಯ ಸಂಖ್ಯೆಯೇ ಅಲ್ಲ ಎನ್ನುವುದು ನನ್ನ ವಾದ. ಅದು ವಸ್ತುವಿನ ಶಕ್ತಿಯನ್ನು ಹೇಳುವುದಿಲ್ಲ. ಪರೀಕ್ಷಿಸಿದವರ ಕಿರಣಕ್ಕೆ ಸಿಕ್ಕ ಜಾಗಗಳ ಪೈಕಿ ಅತ್ಯಂತ ದುರ್ಬಲವಾದದ್ದು ಯಾವುದೋ, ಅದರ ಬಗ್ಗೆ ಮಾತ್ರ ಹೇಳುತ್ತದೆ. ಕಿರಣಕ್ಕೆ ಸಿಗದ ಜಾಗಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈ ಮಾತು ಈಗ ಏಕೆ ಮುಖ್ಯ? 2022ರ ಡಿಸೆಂಬರ್ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳು 2.05 ಮೆಗಾಜೂಲ್ ಶಕ್ತಿಯನ್ನು ಒಂದು ಪುಟ್ಟ ಗುರಿಗೆ ಸುರಿದವು. ಪರಮಾಣು ಬೀಜಗಳ ಸಮ್ಮಿಲನದಿಂದ ಹೊರಬಂದದ್ದು 3.15 ಮೆಗಾಜೂಲ್. ಅಂದಿನಿಂದ ಲೇಸರ್ ಸಮ್ಮಿಲನದಿಂದ ವಿದ್ಯುತ್ ತಯಾರಿಸುವ ಮಾತು ಪ್ರಯೋಗಾಲಯದ ಗೋಡೆ ದಾಟಿ ಹೂಡಿಕೆದಾರರ ತನಕ ಹೋಗಿದೆ. ಸುದ್ದಿಯಲ್ಲಿ ಗುರಿಯ ಬಗ್ಗೆ, ಇಂಧನದ ಬಗ್ಗೆ ಬಹಳ ಓದಿದ್ದೇವೆ. ಆ ಕಿರಣಗಳು ದಾರಿಯಲ್ಲಿ ಹಾದುಬಂದ ಸಾವಿರಾರು ಗಾಜು, ಕನ್ನಡಿ, ಲೇಪನಗಳ ಬಗ್ಗೆ ಓದಿದ್ದು ಕಡಿಮೆ. ಅಂಥ ಯಂತ್ರ ಎಷ್ಟು ಶಕ್ತಿ ಕೊಡಬಲ್ಲದು ಎನ್ನುವುದನ್ನು ಬಹುಪಾಲು ಅವೇ ತೀರ್ಮಾನಿಸುತ್ತವೆ. ಲೇಸರನ್ನು ಇನ್ನೂ ಜೋರಾಗಿ ಹಾರಿಸಬಹುದು. ಅದರ ದಾರಿಯಲ್ಲಿರುವ ಗಾಜು ಉಳಿಯಬೇಕಲ್ಲ.

ಮೊದಲು ಈ ಲೇಪನ ಏನೆಂದು ನೋಡೋಣ. ಬರಿಯ ಗಾಜಿನ ಪ್ರತಿ ಮೇಲ್ಮೈ ಸುಮಾರು 4% ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅದನ್ನು ಬಹುತೇಕ ಸೊನ್ನೆಗೆ ಇಳಿಸಬೇಕಾದರೂ ಲೇಪನ ಬೇಕು, 99.9%ಕ್ಕೆ ಏರಿಸಬೇಕಾದರೂ ಲೇಪನವೇ ಬೇಕು. ಲೋಹದ ಕನ್ನಡಿ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದು ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನಾದರೂ ಹೀರಿಕೊಂಡು ಬಿಸಿಯಾಗುತ್ತದೆ. ಆದ್ದರಿಂದ ಎರಡು ಪಾರದರ್ಶಕ ವಸ್ತುಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಒಂದರ ವಕ್ರೀಭವನ ಸೂಚ್ಯಂಕ ಹೆಚ್ಚು, ಇನ್ನೊಂದರದು ಕಡಿಮೆ. ಪ್ರತಿ ಪದರದ ದಪ್ಪ ಆ ವಸ್ತುವಿನೊಳಗಿನ ಅಲೆಯುದ್ದದ ಕಾಲು ಭಾಗ. 1064 ನ್ಯಾನೊಮೀಟರಿನ ಲೇಸರಿಗೆ ಹಾಫ್ನಿಯಂ ಆಕ್ಸೈಡ್ ಪದರ ಸುಮಾರು 136 ನ್ಯಾನೊಮೀಟರ್, ಸಿಲಿಕಾ ಪದರ ಸುಮಾರು 183. ಇಂಥ 25 ಪದರ ಸೇರಿದರೆ ಪ್ರತಿಫಲನ 99.8% ದಾಟುತ್ತದೆ, ಒಟ್ಟು ದಪ್ಪ ಸುಮಾರು 4 ಮೈಕ್ರಾನ್. ಕೋಟಿಗಟ್ಟಲೆ ಬೆಲೆಯ ಯಂತ್ರದ ಭವಿಷ್ಯ ಈ 4 ಮೈಕ್ರಾನಿನ ಮೇಲೆ ನಿಂತಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ ಹಾಕಿದರೆ ವಿಚಾರ ತಿಳಿಯಾಗುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ 10 ಜೂಲ್, 10 ನ್ಯಾನೊಸೆಕೆಂಡಿನಲ್ಲಿ ಬೀಳುತ್ತದೆ ಎಂದುಕೊಳ್ಳಿ. ಆ ಕ್ಷಣದಲ್ಲಿ ಅಲ್ಲಿರುವ ತೀವ್ರತೆ ಚದರ ಸೆಂಟಿಮೀಟರಿಗೆ 1 ಗಿಗಾವ್ಯಾಟ್. ಕೇಳಿದರೆ ಭಯವಾಗುತ್ತದೆ. ಆದರೆ ಒಳ್ಳೆಯ ಲೇಪನ ಹೀರಿಕೊಳ್ಳುವುದು ಹತ್ತು ಲಕ್ಷದಲ್ಲಿ 10 ಭಾಗದಷ್ಟು ಎಂದಿಟ್ಟುಕೊಂಡರೆ, ಒಳಗೆ ಉಳಿಯುವುದು ಚದರ ಸೆಂಟಿಮೀಟರಿಗೆ 0.0001 ಜೂಲ್ ಮಾತ್ರ. ಅದನ್ನು 4 ಮೈಕ್ರಾನ್ ದಪ್ಪಕ್ಕೆ ಸಮನಾಗಿ ಹಂಚಿದರೆ ಪದರದ ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ. ಹಾಗಿದ್ದರೂ ಆಕ್ಸೈಡುಗಳನ್ನು ಕರಗಿಸಿ ಆವಿ ಮಾಡುವ ಸಾವಿರಾರು ಡಿಗ್ರಿ ಬಿಸಿ ಎಲ್ಲೋ ಹುಟ್ಟಿದೆ, ಗುಳಿಯೇ ಅದಕ್ಕೆ ಸಾಕ್ಷಿ. ಅಂದಮೇಲೆ ಸರಾಸರಿ ಇಲ್ಲಿ ಅಪರಾಧಿಯಲ್ಲ. ಬೆಳಕನ್ನು ಅತಿಯಾಗಿ ಹೀರುವ, ಅಥವಾ ಬೆಳಕನ್ನು ತನ್ನೊಳಗೆ ಒಟ್ಟುಮಾಡಿಕೊಳ್ಳುವ ಯಾವುದೋ ಒಂದು ಕಣ ಅಲ್ಲಿ ಮೊದಲೇ ಕೂತಿತ್ತು.

ಆ ಕಣ ಎಲ್ಲಿಂದ ಬರುತ್ತದೆ? ಬಹಳ ಸಲ ಲೇಪನ ಮಾಡುವ ನಿರ್ವಾತ ಪೆಟ್ಟಿಗೆಯೊಳಗಿಂದಲೇ. ಎಲೆಕ್ಟ್ರಾನ್ ಕಿರಣದಿಂದ ಹಾಫ್ನಿಯಾವನ್ನು, ಅಂದರೆ ಹಾಫ್ನಿಯಂ ಆಕ್ಸೈಡನ್ನು, ಕಾಯಿಸಿ ಆವಿ ಮಾಡುವಾಗ ಕರಗುತ್ತಿರುವ ವಸ್ತು ಒಮ್ಮೊಮ್ಮೆ ಚಟಗುಟ್ಟಿ ಸಣ್ಣ ಹನಿಯನ್ನು ಮೇಲಕ್ಕೆ ಎಸೆಯುತ್ತದೆ. ಅದು ಹೋಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಅಥವಾ ಪೆಟ್ಟಿಗೆಯ ಗೋಡೆಯಿಂದ ಹಳೆಯ ಲೇಪನದ ಚಕ್ಕೆಯೊಂದು ಉದುರುತ್ತದೆ. ಅದರ ಮೇಲೆ ಮುಂದಿನ ಪದರ ಕೂರುತ್ತದೆ, ಅದರ ಮೇಲೆ ಇನ್ನೊಂದು. ಪ್ರತಿ ಪದರವೂ ಆ ಉಬ್ಬನ್ನು ಅನುಸರಿಸಿ ಬಾಗುತ್ತದೆ, ಬಾಗಿದಂತೆಲ್ಲ ಅಗಲವಾಗುತ್ತದೆ. 25 ಪದರ ಮುಗಿಯುವ ಹೊತ್ತಿಗೆ ಒಂದು ಮೈಕ್ರಾನಿನ ಬೀಜದ ಮೇಲೆ ಅದರ ಕೆಲವು ಪಟ್ಟು ಅಗಲದ ಗುಮ್ಮಟ ಎದ್ದಿರುತ್ತದೆ. ಈ ಕ್ಷೇತ್ರದವರು ಇದನ್ನು ನಾಡ್ಯೂಲ್ ಎನ್ನುತ್ತಾರೆ, ಗಂಟು ಎಂದರೂ ಸರಿಯೇ. ತಲೆಕೆಳಗಾದ ಶಂಕುವಿನಂತಿರುವ ಈ ಗಂಟು ಸುತ್ತಲಿನ ಪದರಗಳಿಗೆ ಗಟ್ಟಿಯಾಗಿ ಹತ್ತಿಕೊಂಡಿರುವುದಿಲ್ಲ. ಮೇಲಿನ ಗುಮ್ಮಟ ಪುಟ್ಟ ಮಸೂರದಂತೆ ವರ್ತಿಸಿ ಬೆಳಕನ್ನು ಒಳಗೆ ಒಂದೆಡೆ ಕೂಡಿಸುತ್ತದೆ. ವಿದ್ಯುತ್ ಕ್ಷೇತ್ರ ಅಲ್ಲಿ ಸುತ್ತಲಿಗಿಂತ ಹಲವು ಪಟ್ಟು ಏರುತ್ತದೆ. ಆಮೇಲೆ ಗಂಟು ಬೇರುಸಮೇತ ಕಿತ್ತು ಹಾರುತ್ತದೆ. ಆರಂಭದಲ್ಲಿ ಕಂಡ ಗುಳಿಯ ಮೆಟ್ಟಿಲುಗೋಡೆ ಆ ಗಂಟು ಕೂತಿದ್ದ ಗೂಡು.

ದೋಷ ಗಾಜಿನಲ್ಲೇ ಇರಬಹುದು. ಹೊಳಪು ಕೊಡಲು ಬಳಸುವ ಸೀರಿಯಂ ಆಕ್ಸೈಡಿನ ಪುಡಿ ಗಾಜಿನ ಮೇಲ್ಪದರದ ಸೂಕ್ಷ್ಮ ಬಿರುಕುಗಳಲ್ಲಿ ಉಳಿದುಬಿಡುತ್ತದೆ, ಮತ್ತು ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಕಣ್ಣಿಗೆ ಕನ್ನಡಿಯಂತೆ ಹೊಳೆಯುವ ಮೇಲ್ಮೈಯ ಕೆಳಗೆ ಇದು ಅಡಗಿರುತ್ತದೆ. ಅದರ ಮೇಲೆ ಎಷ್ಟು ಶುದ್ಧ ಲೇಪನ ಹಾಕಿದರೂ ಅಡಿಪಾಯದ ದೋಷ ಹೋಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ನ್ಯಾನೊಸೆಕೆಂಡ್ ಪಲ್ಸುಗಳ ಕಥೆ. ಅಲ್ಲಿ ಬಿಸಿಗೆ ಹರಡಲು ಸಮಯ ಸಿಗುತ್ತದೆ. 10 ನ್ಯಾನೊಸೆಕೆಂಡಿನಲ್ಲಿ ಸಿಲಿಕಾದೊಳಗೆ ಬಿಸಿ ಸುಮಾರು 100 ನ್ಯಾನೊಮೀಟರ್ ದೂರ ಹೋಗುತ್ತದೆ. ಪಲ್ಸ್ ಉದ್ದವಾದಷ್ಟೂ ಬಿಸಿ ದೂರ ಹರಡಿ ತಣಿಯುತ್ತದೆ, ಆದ್ದರಿಂದ ಹಾನಿ ಮಿತಿ ಸರಿಸುಮಾರು ಪಲ್ಸ್ ಅವಧಿಯ ವರ್ಗಮೂಲದಂತೆ ಏರುತ್ತದೆ. 10 ನ್ಯಾನೊಸೆಕೆಂಡಿಗೆ 20 ಜೂಲ್ ತಡೆಯುವ ಕನ್ನಡಿ 1 ನ್ಯಾನೊಸೆಕೆಂಡಿಗೆ 6.3 ಜೂಲ್ ತಡೆದೀತು. ಈ ಸೂತ್ರ ಅನುಕೂಲದ್ದು, ಅದಕ್ಕೇ ಅಪಾಯದ್ದೂ ಹೌದು. ಹತ್ತಿಪ್ಪತ್ತು ಪಿಕೊಸೆಕೆಂಡಿಗಿಂತ (ನ್ಯಾನೊಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ಪಿಕೊಸೆಕೆಂಡ್) ಕೆಳಗೆ ಹೋದರೆ ಅದು ಮುರಿದುಬೀಳುತ್ತದೆ ಎಂದು 1995ರ ಹೊತ್ತಿಗೆ ಲಿವರ್‌ಮೋರಿನ ಅಳತೆಗಳು ತೋರಿಸಿದವು.

ಏಕೆಂದರೆ ಅಲ್ಲಿ ಹಾನಿಯ ಬಗೆಯೇ ಬದಲಾಗುತ್ತದೆ. ಪಿಕೊಸೆಕೆಂಡಿಗಿಂತಲೂ ಕಿರಿದಾದ ಫೆಮ್ಟೊಸೆಕೆಂಡ್ ಪಲ್ಸಿನಲ್ಲಿ ಬಿಸಿ ಹರಡಲು ಸಮಯವೇ ಇಲ್ಲ, ಕಲ್ಮಶದ ನೆರವೂ ಬೇಕಿಲ್ಲ. ಬೆಳಕಿನ ಕ್ಷೇತ್ರ ಶುದ್ಧ ವಸ್ತುವಿನಿಂದಲೇ ಎಲೆಕ್ಟ್ರಾನುಗಳನ್ನು ಕಿತ್ತು ತೆಗೆಯುತ್ತದೆ. ಹಾಗೆ ಕಿತ್ತ ಎಲೆಕ್ಟ್ರಾನುಗಳು ಶಕ್ತಿ ಪಡೆದು ಇನ್ನಷ್ಟನ್ನು ಕೀಳುತ್ತವೆ, ನೋಡುನೋಡುತ್ತಿದ್ದಂತೆ ಪಾರದರ್ಶಕ ವಸ್ತು ಲೋಹದಂತೆ ಬೆಳಕನ್ನು ನುಂಗತೊಡಗುತ್ತದೆ. ಇಲ್ಲಿ ವಸ್ತುವಿನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ, ಎಲ್ಲವನ್ನೂ ನಿರ್ಧರಿಸುತ್ತದೆ. 1064 ನ್ಯಾನೊಮೀಟರಿನ ಒಂದು ಫೋಟಾನಿನ ಶಕ್ತಿ 1.17 ಎಲೆಕ್ಟ್ರಾನ್ ವೋಲ್ಟ್. ಹಾಫ್ನಿಯಾದ ಗ್ಯಾಪ್ ಸುಮಾರು 5.6, ಆದ್ದರಿಂದ ಐದು ಫೋಟಾನುಗಳು ಒಟ್ಟಿಗೇ ಸೇರಿ ಕೆಲಸ ಮಾಡಬೇಕು. ಅದೇ ಲೇಸರಿನ ಮೂರನೇ ಹಾರ್ಮೊನಿಕ್, ಅಂದರೆ ಅಲೆಯುದ್ದವನ್ನು ಮೂರನೇ ಒಂದಕ್ಕೆ ಇಳಿಸಿದ 355 ನ್ಯಾನೊಮೀಟರಿನ ಬೆಳಕಾದರೆ, ಎರಡೇ ಸಾಕು. ಟೈಟಾನಿಯಂ ಡೈಆಕ್ಸೈಡಿನ ಗ್ಯಾಪ್ ಸುಮಾರು 3.3. 355ರ ಒಂದು ಫೋಟಾನಿನ ಶಕ್ತಿಯೇ 3.5 ಇರುವುದರಿಂದ ಅಲ್ಲಿ ಟೈಟಾನಿಯಾ ಪಾರದರ್ಶಕವೇ ಅಲ್ಲ.

ಪ್ರಕೃತಿ ಇಲ್ಲಿ ಒಂದು ಕಠಿಣ ಕರಾರು ಹಾಕಿದೆ. ಕನ್ನಡಿ ಮಾಡಲು ಸೂಚ್ಯಂಕ ಹೆಚ್ಚಿರುವ ವಸ್ತು ಬೇಕು, ಆದರೆ ಸೂಚ್ಯಂಕ ಹೆಚ್ಚಿದಷ್ಟೂ ಸಾಮಾನ್ಯವಾಗಿ ಬ್ಯಾಂಡ್ ಗ್ಯಾಪ್ ಕಡಿಮೆ. ಟೈಟಾನಿಯಾ ಬಳಸಿದರೆ ಕೆಲವೇ ಪದರಗಳಲ್ಲಿ ಒಳ್ಳೆಯ ಪ್ರತಿಫಲನ ಸಿಗುತ್ತದೆ, ಹಾನಿ ಬೇಗ ಆಗುತ್ತದೆ. ಹಾಫ್ನಿಯಾ ಬಳಸಿದರೆ ಪದರ ಹೆಚ್ಚು ಬೇಕು, ಕನ್ನಡಿ ಬಾಳುತ್ತದೆ. ಹೆಚ್ಚು ಶಕ್ತಿಯ ಲೇಸರುಗಳಲ್ಲಿ ಹಾಫ್ನಿಯಾ-ಸಿಲಿಕಾ ಜೋಡಿ ಇಷ್ಟು ಕಾಲ ಸಿಂಹಾಸನ ಬಿಡದಿರಲು ಇದೇ ಕಾರಣ. ಎರಡು ಆಕ್ಸೈಡುಗಳನ್ನು ಬೆರೆಸಿ ನಡುವಿನ ಗುಣ ಪಡೆಯುವ ಪ್ರಯತ್ನಗಳೂ ಇವೆ, ಕೆಲವು ಚೆನ್ನಾಗಿಯೇ ಫಲ ಕೊಟ್ಟಿವೆ. ಆದರೆ ಕರಾರನ್ನು ಮುರಿದವರು ಯಾರೂ ಇಲ್ಲ.

ವಿನ್ಯಾಸದಿಂದ ಸ್ವಲ್ಪ ದಾರಿ ಬಿಡಿಸಿಕೊಳ್ಳಬಹುದು. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಸೊಗಸೆನಿಸುವ ಉಪಾಯ ಇದು. ಕನ್ನಡಿಗೆ ಬಂದ ಅಲೆ ಮತ್ತು ತಿರುಗಿ ಹೊರಟ ಅಲೆ ಸೇರಿ ಪದರಗಳೊಳಗೆ ನಿಂತ ಅಲೆಯಾಗುತ್ತದೆ. ಕಾಲು ಅಲೆಯುದ್ದದ ಮಾಮೂಲಿ ವಿನ್ಯಾಸದಲ್ಲಿ ಈ ಅಲೆಯ ತುದಿ, ಅಂದರೆ ವಿದ್ಯುತ್ ಕ್ಷೇತ್ರ ಅತಿ ಹೆಚ್ಚಿರುವ ಜಾಗ, ಸರಿಯಾಗಿ ಹಾಫ್ನಿಯಾ ಮತ್ತು ಸಿಲಿಕಾ ಕೂಡುವ ಗಡಿಯಲ್ಲೇ ಬೀಳುತ್ತದೆ. ಅದೇ ಲೇಪನದ ಅತ್ಯಂತ ದುರ್ಬಲ ಜಾಗ. ಕ್ಷೇತ್ರದ ವರ್ಗ ಮೇಲಿನ ಗಡಿಯಲ್ಲಿ ಅತಿ ಹೆಚ್ಚು, ಒಳಗೆ ಹೋದಂತೆ ಪ್ರತಿ ಜೋಡಿಗೆ ಸುಮಾರು 55%ಕ್ಕೆ ಇಳಿಯುತ್ತ ಹೋಗುತ್ತದೆ. ಅಂದರೆ ಹೊಡೆತ ತಿನ್ನುವುದು ಮೇಲಿನ ಎರಡು ಮೂರು ಜೋಡಿ ಪದರ. 1977ರಲ್ಲಿ ಜೋಸೆಫ್ ಆಪ್ಫೆಲ್ ತೋರಿಸಿಕೊಟ್ಟ ದಾರಿ ಹೀಗಿದೆ: ಮೇಲಿನ ಕೆಲವು ಜೋಡಿಗಳಲ್ಲಿ ದುರ್ಬಲ ವಸ್ತುವಾದ ಹಾಫ್ನಿಯಾದ ಪದರವನ್ನು ತೆಳುವಾಗಿಸಿ, ಗಟ್ಟಿ ವಸ್ತುವಾದ ಸಿಲಿಕಾದ್ದನ್ನು ದಪ್ಪವಾಗಿಸಿದರೆ, ಅಲೆಯ ತುದಿ ಗಡಿಯಿಂದ ಸರಿದು ಸಿಲಿಕಾದ ಒಳಗೆ ಹೋಗಿ ಕೂರುತ್ತದೆ. ಸಿಲಿಕಾದ ಗ್ಯಾಪ್ 8-9 ಎಲೆಕ್ಟ್ರಾನ್ ವೋಲ್ಟ್, ಅದು ತಡೆದುಕೊಳ್ಳುತ್ತದೆ. ಬೆಲೆಯಾಗಿ ಕನ್ನಡಿ ಕೆಲಸ ಮಾಡುವ ಅಲೆಯುದ್ದದ ವ್ಯಾಪ್ತಿ ಸ್ವಲ್ಪ ಕಿರಿದಾಗುತ್ತದೆ. ಅತಿ ಕಿರು ಪಲ್ಸುಗಳಿಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ನ್ಯಾನೊಸೆಕೆಂಡಿನಲ್ಲಿ ಗಂಟುಗಳದ್ದೇ ಆಳ್ವಿಕೆಯಾದ್ದರಿಂದ ಅಷ್ಟು ಲಾಭ ಸಿಗುವುದಿಲ್ಲ. ಒಂದು ರೋಗದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಗಂಟುಗಳಿಗೆ ಬೇರೆ ಮದ್ದುಗಳಿವೆ. ಹಾಫ್ನಿಯಾದ ಬದಲು ಹಾಫ್ನಿಯಂ ಲೋಹವನ್ನೇ ಕಾಯಿಸಿ, ಪೆಟ್ಟಿಗೆಗೆ ಆಮ್ಲಜನಕ ಬಿಟ್ಟು ದಾರಿಯಲ್ಲೇ ಆಕ್ಸೈಡ್ ಮಾಡಿದರೆ ಹನಿ ಸಿಡಿಯುವುದು ಬಹಳ ಕಡಿಮೆಯಾಗುತ್ತದೆ. ಲೇಪನ ಹಾಕುತ್ತಲೇ ನಡುನಡುವೆ ಅಯಾನುಗಳಿಂದ ಕೆತ್ತಿ ಉಬ್ಬನ್ನು ಸಮತಟ್ಟು ಮಾಡುವ ವಿಧಾನವೂ ಇದೆ. ಬೀಜ ಒಳಗೇ ಉಳಿದರೂ ಮೇಲೆ ಗುಮ್ಮಟ ಏಳುವುದಿಲ್ಲ, ಮಸೂರವಿಲ್ಲದಿದ್ದರೆ ಬೆಳಕು ಕೂಡುವುದಿಲ್ಲ. ಮೂರನೆಯದು ಕಂಡೀಷನಿಂಗ್: ಮೊದಲು ಕಡಿಮೆ ಶಕ್ತಿಯಲ್ಲಿ ಇಡೀ ಕನ್ನಡಿಯನ್ನು ಲೇಸರಿನಿಂದ ಸಾಲುಸಾಲಾಗಿ ಗುಡಿಸಿ, ಹಂತಹಂತವಾಗಿ ಏರಿಸುತ್ತ ಹೋಗುವುದು. ಸಡಿಲವಾಗಿದ್ದ ಗಂಟುಗಳು ಕಡಿಮೆ ಶಕ್ತಿಯಲ್ಲಿ ಮೆಲ್ಲಗೆ ಕಳಚಿಕೊಳ್ಳುತ್ತವೆ. ಉಳಿಯುವ ಗುಳಿ ಚಿಕ್ಕದು, ಮುಂದೆ ಬೆಳೆಯುವುದಿಲ್ಲ. ನೇರವಾಗಿ ಪೂರ್ಣ ಶಕ್ತಿಗೆ ಒಡ್ಡಿದ್ದರೆ ಅದೇ ಗಂಟು ಸುತ್ತಲಿನ ಲೇಪನವನ್ನೂ ಸೀಳಿಕೊಂಡು ಹೋಗುತ್ತಿತ್ತು. ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯ ದೊಡ್ಡ ಕನ್ನಡಿಗಳ ತಯಾರಿಯಲ್ಲಿ ಈ ವಿಧಾನ ಬಳಕೆಗೆ ಬಂದಿತ್ತು.

ಲೇಪನ ಹಾಕುವ ವಿಧಾನದ ಬಗ್ಗೆಯೂ ಒಂದು ಮಾತು. ಅಯಾನು ಕಿರಣದಿಂದ ವಸ್ತುವನ್ನು ಕುಟ್ಟಿ ಉದುರಿಸಿ ಕೂರಿಸುವ ಸ್ಪಟರಿಂಗ್ ಲೇಪನ ದಟ್ಟ, ನಯ, ಹೀರಿಕೆ ಅತ್ಯಲ್ಪ. ನೋಡಿದರೆ ಇದೇ ಗೆಲ್ಲಬೇಕು. ಎಲೆಕ್ಟ್ರಾನ್ ಕಿರಣದ ಹಳೆಯ ವಿಧಾನದಲ್ಲಿ ಪದರ ಸ್ಪಂಜಿನಂತೆ ಸರಂಧ್ರ, ಗಾಳಿಯ ತೇವ ಹೀರಿ ಗುಣ ಬದಲಿಸುತ್ತದೆ. ಒಣ ನಿರ್ವಾತಕ್ಕೆ ಹೋದರೆ ತೇವ ಬಿಟ್ಟು, ಬಿಗಿದು, ಬಿರುಕು ಬಿಡುವ ಭಯವೂ ಇದೆ. ಹಾಗಿದ್ದೂ ನ್ಯಾನೊಸೆಕೆಂಡ್ ಪಲ್ಸುಗಳಲ್ಲಿ ಈ ಸರಂಧ್ರ ಪದರವೇ ಹಲವು ಸಲ ಮೇಲುಗೈ ಪಡೆದಿದೆ. 2008ರಿಂದ ಲೇಸರ್ ಹಾನಿಯ ವಾರ್ಷಿಕ ಸಮ್ಮೇಳನದಲ್ಲಿ ತೆಳು ಪದರಗಳ ಸ್ಪರ್ಧೆಯೊಂದು ನಡೆಯುತ್ತ ಬಂದಿದೆ. 1969ರಲ್ಲಿ ಕೊಲೊರಾಡೊದ ಬೌಲ್ಡರಿನಲ್ಲಿ ಶುರುವಾದ ಸಮ್ಮೇಳನವದು. ತಯಾರಕರು ಒಂದೇ ಬೇಡಿಕೆಗೆ ಮಾದರಿಗಳನ್ನು ಕಳಿಸುತ್ತಾರೆ, ಒಬ್ಬರೇ ಎಲ್ಲವನ್ನೂ ಒಂದೇ ವಿಧಾನದಲ್ಲಿ ಪರೀಕ್ಷಿಸುತ್ತಾರೆ, ಯಾರದು ಯಾವುದೆಂಬುದು ಗುಟ್ಟು. ಮೊದಲ ವರ್ಷದ 1064 ನ್ಯಾನೊಮೀಟರ್ ಕನ್ನಡಿಗಳಲ್ಲಿ ಮುಂದೆ ನಿಂತದ್ದು ಎಲೆಕ್ಟ್ರಾನ್ ಕಿರಣದಿಂದ ಮಾಡಿದ ಹಾಫ್ನಿಯಾ-ಸಿಲಿಕಾ. ಇದಕ್ಕಿಂತ ದೊಡ್ಡ ಪಾಠ, ಒಂದೇ ಬೇಡಿಕೆಗೆ ಬಂದ ಕನ್ನಡಿಗಳ ನಡುವಿನ ಅಗಾಧ ಅಂತರ. ಪ್ರತಿಫಲನದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ, ಬಾಳಿಕೆಯಲ್ಲಿ ಆಕಾಶ ಭೂಮಿಯಷ್ಟು ವ್ಯತ್ಯಾಸ.

ಈಗ ಆ ಒಂದು ಸಾಲಿನ ಸಂಖ್ಯೆಗೆ ಬರೋಣ. ಅದನ್ನು ಅಳೆಯುವ ವಿಧಾನಕ್ಕೆ ಐಎಸ್‌ಒ 21254 ಎಂಬ ಅಂತರರಾಷ್ಟ್ರೀಯ ಮಾನಕವಿದೆ, 2011ರದು. ಸರಳ ರೂಪದಲ್ಲಿ, ಮಾದರಿಯ ಮೇಲೆ ಬೇರೆ ಬೇರೆ ತಾಣಗಳನ್ನು ಗುರುತಿಸಿ, ಪ್ರತಿ ತಾಣಕ್ಕೂ ಒಂದೇ ಪಲ್ಸ್ ಹಾರಿಸುತ್ತಾರೆ. ಒಂದು ಶಕ್ತಿಗೆ ಸಾಮಾನ್ಯವಾಗಿ ಹತ್ತು ತಾಣ. ಎಷ್ಟು ತಾಣ ಹಾನಿಯಾದವು ಎಂದು ಎಣಿಸಿ, ಶಕ್ತಿ ಏರಿಸಿ, ಮತ್ತೆ ಎಣಿಸಿ, ಗೆರೆ ಎಳೆದು, ಅದು ಸೊನ್ನೆ ಮುಟ್ಟುವ ಜಾಗವನ್ನು ಮಿತಿ ಎನ್ನುತ್ತಾರೆ. ಪ್ರತಿ ತಾಣಕ್ಕೂ ಹಲವು ಪಲ್ಸ್ ಹಾರಿಸುವ ವಿಧಾನವೂ ಇದೆ. ಮಾನಕದಲ್ಲಿ ತಪ್ಪಿಲ್ಲ. ಅದು ಏನು ಹೇಳುವುದಿಲ್ಲ ಎಂಬುದನ್ನು ಮರೆಯುವುದರಲ್ಲಿ ತಪ್ಪಿದೆ.

ಹತ್ತು ತಾಣಗಳಲ್ಲಿ ಒಂದೂ ಹಾನಿಯಾಗಲಿಲ್ಲ ಎನ್ನೋಣ. ಹಾನಿಯ ಸಂಭವ ಸೊನ್ನೆ ಎಂದು ಅದರರ್ಥವೇ? ಅಲ್ಲ. ನಿಜವಾದ ಸಂಭವ 25% ಇದ್ದರೂ ಹತ್ತಕ್ಕೆ ಹತ್ತೂ ಪಾರಾಗುವ ಅವಕಾಶ ಇಪ್ಪತ್ತರಲ್ಲಿ ಒಂದಕ್ಕಿಂತ ಹೆಚ್ಚೇ ಇದೆ. ಇನ್ನು ಕಿರಣದ ಅಗಲ ನೋಡಿ. ಪರೀಕ್ಷೆಯ ಕಿರಣ 200 ಮೈಕ್ರಾನ್ ವ್ಯಾಸದ್ದು ಎಂದರೆ ಅದರ ವಿಸ್ತೀರ್ಣ 0.000314 ಚದರ ಸೆಂಟಿಮೀಟರ್. ಕನ್ನಡಿಯಲ್ಲಿ ಚದರ ಸೆಂಟಿಮೀಟರಿಗೆ 10 ಕೆಟ್ಟ ಗಂಟುಗಳಿವೆ ಎಂದುಕೊಳ್ಳಿ. ನೂರು ತಾಣಗಳಲ್ಲಿ ಹಾರಿಸಿದರೂ ಒಂದು ಗಂಟೂ ಸಿಗದೆ ಹೋಗುವ ಸಂಭವ 73%. ಪರೀಕ್ಷಕ ಪ್ರಾಮಾಣಿಕವಾಗಿ ದೊಡ್ಡ ಸಂಖ್ಯೆ ಬರೆದು ಸಹಿ ಹಾಕುತ್ತಾನೆ. ಅದೇ ಕನ್ನಡಿಯನ್ನು ಕೊಂಡವರು ಅದರ ಮೇಲೆ 1 ಚದರ ಸೆಂಟಿಮೀಟರಿನ ಕಿರಣ ಬಿಡುತ್ತಾರೆ. ಮೊದಲ ಪಲ್ಸಿಗೇ ಹತ್ತು ಗಂಟುಗಳು ಒಟ್ಟಿಗೆ ಪರೀಕ್ಷೆಗೆ ನಿಲ್ಲುತ್ತವೆ. ಕನ್ನಡಿ ಹೋಯಿತು. ಆಮೇಲೆ ತಯಾರಕರು ಸುಳ್ಳು ಹೇಳಿದರು ಎಂದು ಒಬ್ಬರು, ಬಳಸಿದವರಿಗೆ ಬಳಸಲು ಬರುವುದಿಲ್ಲ ಎಂದು ಇನ್ನೊಬ್ಬರು. ಈ ಜಗಳವನ್ನು ಹತ್ತಿರದಿಂದ ನೋಡಿದ್ದೇನೆ, ಮತ್ತು ಪ್ರತಿ ಸಲವೂ ಬೇಸರಪಟ್ಟಿದ್ದೇನೆ, ಏಕೆಂದರೆ ಇಬ್ಬರ ಅಳತೆಯೂ ಸರಿಯಿರುತ್ತದೆ.

ಬಳಸುವವರ ಕಡೆಯಿಂದ ಆಗುವ ತಪ್ಪೂ ಒಂದಿದೆ. 100 ಮಿಲಿಜೂಲಿನ ಪಲ್ಸ್, 1 ಮಿಲಿಮೀಟರ್ ತ್ರಿಜ್ಯದ ಕಿರಣ. ಭಾಗಿಸಿದರೆ ಚದರ ಸೆಂಟಿಮೀಟರಿಗೆ 3.2 ಜೂಲ್, ಕನ್ನಡಿ ತಡೆಯುವುದು 5, ಚಿಂತೆಯಿಲ್ಲ ಎನ್ನಿಸುತ್ತದೆ. ಆದರೆ ಗಾಸಿಯನ್ ಕಿರಣದಲ್ಲಿ ಬೆಳಕು ನಡುವೆ ಒಟ್ಟಾಗಿರುತ್ತದೆ, ನಡುವಿನ ಬೆಲೆ ಸರಾಸರಿಯ ಎರಡು ಪಟ್ಟು: 6.4. ಕಿರಣದಲ್ಲಿ ಇನ್ನೊಂದಿಷ್ಟು ಏರುಪೇರು ಇದ್ದರೆ ಇನ್ನೂ ಹೆಚ್ಚು. ಕಾಗದದ ಸಂಖ್ಯೆ ಸಾಮಾನ್ಯವಾಗಿ ಆ ನಡುವಿನ ಬೆಲೆಯದ್ದು.

ಹಾನಿ ಎಂದು ಯಾವುದನ್ನು ಕರೆಯಬೇಕು ಎನ್ನುವುದೂ ಸುಲಭದ ಪ್ರಶ್ನೆಯಲ್ಲ. ಹಾಫ್ನಿಯಾ-ಸಿಲಿಕಾ ಕನ್ನಡಿಗಳ ಮೇಲೆ ಪ್ಲಾಸ್ಮಾ, ಅಂದರೆ ಅತಿ ಬಿಸಿಯ ಅಯಾನು ಅನಿಲ, ಸವರಿದಂತೆ ಮಸುಕು ಕಲೆ ಬೀಳುವುದುಂಟು. ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಬೆಳೆಯುವುದಿಲ್ಲ, ಕಿರಣವನ್ನು ಕೆಡಿಸುವುದಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಅದು ಹಾನಿ, ಕೆಲಸದ ಕಣ್ಣಿನಿಂದ ನೋಡಿದರೆ ಅಲ್ಲ. ಬೆಳೆಯುವ ಕಲೆಯೇ ಬೇರೆ. ನೇರಳಾತೀತ ಕಿರಣದಲ್ಲಿ ಸಿಲಿಕಾ ಗಾಜಿನ ಹೊರಬದಿಯಲ್ಲಿ ಹುಟ್ಟಿದ ಗುಳಿ ಪ್ರತಿ ಪಲ್ಸಿಗೂ ತನ್ನ ಗಾತ್ರಕ್ಕೆ ತಕ್ಕಂತೆ ಇನ್ನಷ್ಟು ಹಿಗ್ಗುತ್ತದೆ, ಸಾಲದ ಮೇಲಿನ ಚಕ್ರಬಡ್ಡಿಯ ಹಾಗೆ. ಲಿವರ್‌ಮೋರಿನವರು ಇದನ್ನು ಎದುರಿಸಿದ ರೀತಿ ಕಲಿಯುವಂಥದ್ದು. ಹಾನಿಯೇ ಆಗದ ಗಾಜಿಗಾಗಿ ಅವರು ಕಾದು ಕೂರಲಿಲ್ಲ. ಕ್ಯಾಮೆರಾದಿಂದ ಗುಳಿಗಳನ್ನು ಬೇಗ ಹುಡುಕಿ, ಆ ಜಾಗದ ಮೇಲೆ ಬೆಳಕು ಬೀಳದಂತೆ ಕಿರಣದಲ್ಲೇ ಪುಟ್ಟ ನೆರಳು ಮಾಡಿ, ಗಾಜನ್ನು ಕಳಚಿ ತಂದು, ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಗುಳಿಯನ್ನು ನಯವಾದ ಶಂಕುವಿನಂತೆ ಕೆತ್ತಿ, ಮತ್ತೆ ಬಳಕೆಗೆ ಹಾಕುತ್ತಾರೆ. ಗಾಜನ್ನು ಆಮ್ಲದಲ್ಲಿ ತೊಳೆದು ಹೊಳಪು ಪುಡಿಯ ಶೇಷವನ್ನೂ ಬಿರುಕುಗಳನ್ನೂ ತೆಗೆಯುವ ವಿಧಾನವೂ ಜೊತೆಗಿದೆ. ಸುಮಾರು 1.8 ಮೆಗಾಜೂಲಿಗೆ ಕಟ್ಟಿದ ಯಂತ್ರ 2023ರ ಕೊನೆಯ ಹೊತ್ತಿಗೆ 2.2 ಮೆಗಾಜೂಲ್ ಕೊಟ್ಟದ್ದರ ಹಿಂದೆ ಈ ಕೆಲಸವಿದೆ.

ಪರಿಸರವೂ ಲೇಪನವನ್ನು ಕೆಡಿಸಬಲ್ಲದು. ಯುರೋಪಿನ ಗಾಳಿ ಅಳೆಯುವ ಉಪಗ್ರಹ ಏಯೊಲಸ್ 2007ರಲ್ಲಿ ಹಾರಬೇಕಿತ್ತು, ಹಾರಿದ್ದು 2018ರ ಆಗಸ್ಟಿನಲ್ಲಿ. ತಡಕ್ಕೆ ದೊಡ್ಡ ಕಾರಣ ಅದರ 355 ನ್ಯಾನೊಮೀಟರ್ ಲೇಸರ್. ನಿರ್ವಾತದಲ್ಲಿ ಅಂಟು, ಪ್ಲಾಸ್ಟಿಕ್ ಮುಂತಾದವು ಬಿಡುವ ಅಣುಗಳನ್ನು ನೇರಳಾತೀತ ಬೆಳಕು ಕನ್ನಡಿಯ ಮೇಲೆ ಸುಟ್ಟು ಅಂಟಿಸುತ್ತಿತ್ತು. ಕಪ್ಪು ಪದರ ಬೆಳಕು ಹೀರಿ ಲೇಪನವನ್ನೇ ಕೊಲ್ಲುತ್ತಿತ್ತು. ಉಪಕರಣದೊಳಗೆ ಅತಿ ಕಡಿಮೆ ಒತ್ತಡದಲ್ಲಿ ಸ್ವಲ್ಪ ಆಮ್ಲಜನಕ ಬಿಟ್ಟದ್ದು ಪರಿಹಾರವಾಯಿತು, ಮಸಿ ಅಂಟುವ ಮೊದಲೇ ಉರಿದುಹೋಗುತ್ತಿತ್ತು. ಗುರುತ್ವ ಅಲೆಗಳನ್ನು ಹಿಡಿಯುವ ಲೈಗೊದಲ್ಲಿ ಪಲ್ಸುಗಳಿಲ್ಲ, ಎಡೆಬಿಡದ ಕಿರಣ. ಅಲ್ಲಿಯೂ ಲೇಪನದಲ್ಲಿ ಬೆಳಕು ಹೀರುವ ಕೆಲವು ಬಿಂದುಗಳು ಕನ್ನಡಿಯನ್ನು ಅಲ್ಲಲ್ಲಿ ಉಬ್ಬಿಸಿ, ಒಳಗೆ ಕೂಡಿಡಬಹುದಾದ ಶಕ್ತಿಗೆ ಕಡಿವಾಣ ಹಾಕಿದವು. ಯಂತ್ರ ಬೇರೆ, ಬೆಳಕು ಬೇರೆ, ಕೇಡು ಮತ್ತದೇ ಕಣ್ಣಿಗೆ ಕಾಣದ ಬಿಂದುವಿನಿಂದ.

ಅತಿ ಕಿರು ಪಲ್ಸುಗಳ ಲೋಕ ಹುಟ್ಟಿದ್ದೂ ಹಾನಿಯಿಂದ ತಪ್ಪಿಸಿಕೊಳ್ಳುವ ಹಾದಿಯಲ್ಲೇ. 1985ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೊರೂ ಪಲ್ಸನ್ನು ಮೊದಲು ಕಾಲದಲ್ಲಿ ಉದ್ದಕ್ಕೆ ಎಳೆದು, ತೀವ್ರತೆ ಇಳಿಸಿ, ವರ್ಧಿಸಿ, ಕೊನೆಗೆ ಮತ್ತೆ ಕುಗ್ಗಿಸಿದರು. ವರ್ಧಕದ ಗಾಜು ಬದುಕಿತು. 2018ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಆದರೆ ಪಲ್ಸನ್ನು ಕುಗ್ಗಿಸುವ ಗ್ರೇಟಿಂಗುಗಳೂ (ಒತ್ತೊತ್ತಾದ ಸೂಕ್ಷ್ಮ ಗೀರುಗಳಿರುವ ಫಲಕಗಳು) ಅವುಗಳ ನಂತರದ ಕನ್ನಡಿಗಳೂ ಪೂರ್ಣ ಹೊಡೆತವನ್ನು ತಿನ್ನಲೇಬೇಕು. ಪೆಟಾವ್ಯಾಟ್ ಯಂತ್ರಗಳಲ್ಲಿ ಅಷ್ಟು ದೊಡ್ಡ ಗ್ರೇಟಿಂಗುಗಳು ಕಾಣುವುದು ಇದಕ್ಕೇ, ಬೆಳಕನ್ನು ಹರಡದೆ ಬೇರೆ ದಾರಿಯಿಲ್ಲ.

ಸಮ್ಮಿಲನದ ವಿದ್ಯುತ್ ಸ್ಥಾವರಕ್ಕೆ ಬಂದರೆ ಲೆಕ್ಕವೇ ಬೇರೆ ಮಟ್ಟಕ್ಕೆ ಹೋಗುತ್ತದೆ. ಈಗಿನ ದೊಡ್ಡ ಯಂತ್ರ ದಿನಕ್ಕೆ ಒಂದೆರಡು ಸಲ ಹಾರುತ್ತದೆ, ನಡುವೆ ಗಾಜನ್ನು ನೋಡಿ ಸರಿಪಡಿಸಲು ಬಿಡುವಿದೆ. ಸ್ಥಾವರ ಸೆಕೆಂಡಿಗೆ ಹತ್ತು ಸಲದಷ್ಟು ಹಾರಬೇಕು. ಒಂದು ವರ್ಷಕ್ಕೆ ಸುಮಾರು 31.5 ಕೋಟಿ ಪಲ್ಸ್. ಒಂದು ಪಲ್ಸಿಗೆ ಏನೂ ಆಗದ ಲೇಪನ ಹಲವು ಪಲ್ಸುಗಳ ನಂತರ ದಣಿಯುತ್ತದೆ. ಪ್ರತಿ ಹೊಡೆತವೂ ಬಿಟ್ಟುಹೋಗುವ ಸೂಕ್ಷ್ಮ ಬದಲಾವಣೆಗಳು ಕೂಡುತ್ತ ಹೋಗಿ ಮಿತಿ ಕೆಳಗಿಳಿಯುತ್ತದೆ. ಆದ್ದರಿಂದ ನಿಜವಾದ ಪಲ್ಸುಗಳಷ್ಟೇ ಪಲ್ಸುಗಳಲ್ಲಿ ಪರೀಕ್ಷಿಸಬೇಕು.

ಸೆಕೆಂಡಿಗೆ ಹತ್ತರಂತೆ ಪರೀಕ್ಷಿಸಿದರೆ ಒಂದು ತಾಣಕ್ಕೇ ಒಂದು ವರ್ಷ. ಸೆಕೆಂಡಿಗೆ ಸಾವಿರ ಪಲ್ಸಿನ ಲೇಸರ್ ಬಳಸಿದರೆ ಮೂರೂವರೆ ದಿನ ದಾಟುವಷ್ಟರಲ್ಲಿ ಮುಗಿಯುತ್ತದೆ. ಆದರೆ ಚದರ ಸೆಂಟಿಮೀಟರಿಗೆ 10 ಜೂಲಿನಂತೆ, ಸೆಕೆಂಡಿಗೆ ಸಾವಿರ ಸಲ, 1 ಚದರ ಸೆಂಟಿಮೀಟರಿನ ಮೇಲೆ ಹಾರಿಸಲು 10 ಕಿಲೊವ್ಯಾಟಿನ ಲೇಸರ್ ಬೇಕು. 200 ಮೈಕ್ರಾನಿನ ತಾಣಕ್ಕಾದರೆ 3 ವ್ಯಾಟ್ ಸಾಕು. ಕೈಗೆಟುಕುವುದು ಎರಡನೆಯದು, ಎಲ್ಲರೂ ಮಾಡುವುದೂ ಅದನ್ನೇ. ಮತ್ತೆ ಸಣ್ಣ ಕಿರಣ, ಮತ್ತೆ ಅಪರೂಪದ ಗಂಟು ಅದರ ಕೈ ತಪ್ಪಿಸಿಕೊಳ್ಳುತ್ತದೆ. 1 ಚದರ ಸೆಂಟಿಮೀಟರನ್ನು ಇಂಥ ತಾಣಗಳಿಂದ ಪೂರ್ತಿ ಮುಚ್ಚಲು ಸುಮಾರು 3,180 ತಾಣ ಬೇಕು. ಒಂದರ ನಂತರ ಒಂದರಂತೆ ಅಷ್ಟನ್ನೂ ಪರೀಕ್ಷಿಸಿ ಮುಗಿಸಲು ಸುಮಾರು 32 ವರ್ಷ. ಸ್ಥಾವರದ ಕನ್ನಡಿ 1 ಚದರ ಸೆಂಟಿಮೀಟರಿನದ್ದಲ್ಲ. ಈಗಿನ ಯಂತ್ರದ ಒಂದು ಕಿರಣವೇ ಸುಮಾರು 40 ಸೆಂಟಿಮೀಟರ್ ಬದಿಯ ಚೌಕ.